ಒಂದು ಗಂಟೆ ಇಲ್ಲದ ಅಪ್ಪ

ಬೆಳಿಗ್ಗೆಯಿಂದ ಆ ಮನೆಯ ಸಾಮಾನು ಹೊರಗೆ ಹೋಗುತ್ತಲೇ ಇತ್ತು. ಗೋಡೆ ಗಡಿಯಾರ, ಹೊಸ ಪರದೆ, ಕುರ್ಚಿಯ ಮೆತ್ತೆ, ಎಲ್ಲವೂ ಪಕ್ಕದ ಮನೆಯವರ ಮಂಚದ ಮೇಲೆ ಬಿದ್ದಿದ್ದವು. ವಿಡಿಯೊ ತೆಗೆಯುತ್ತಾರೆ ಎಂದಾಕ್ಷಣ ತಾಯಿ ಹಿಂದಿನ ದಿನವೇ ಮನೆಯನ್ನು ತಿಕ್ಕಿ ತೊಳೆದು ಮದುಮಗಳಂತೆ ಸಿಂಗರಿಸಿದ್ದಳು. ಏಜೆಂಟ್ ಬಂದವನೇ ಒಂದೊಂದಾಗಿ ಎಲ್ಲವನ್ನೂ ಕಳಚಿಸಿದ.

ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿಸುವುದು ಅವನ ಕಸುಬು. ಮಗಳಿಗೆ ಅಲ್ಲಿ ಸೀಟು ಸಿಕ್ಕಿತ್ತು, ಹಣದ ನೆರವು ಸಿಕ್ಕಿರಲಿಲ್ಲ. ನೆರವಿಲ್ಲದ ಸೀಟು ಕನ್ನಡಿಯೊಳಗಿನ ಗಂಟು. ಮನೆಯ ಸ್ಥಿತಿ ಹೇಳುವ ಒಂದು ಸಣ್ಣ ವಿಡಿಯೊ ಸಂಜೆಯೊಳಗೆ ಅಲ್ಲಿಗೆ ತಲುಪದಿದ್ದರೆ ಈ ವರ್ಷದ ಬಾಗಿಲು ಮುಚ್ಚಿದಂತೆಯೇ.

ಕೊನೆಗೆ ಹೊರಗೆ ಹೋದದ್ದು ಅಪ್ಪ.

ಅಪ್ಪ ಲಿಫ್ಟ್ ರಿಪೇರಿಯವನು. ದುಡಿಯುವ ಅಪ್ಪನಿರುವ ಮನೆಗೆ ಅಲ್ಲಿಯವರ ಮನಸ್ಸು ಕರಗುವುದಿಲ್ಲ ಎಂಬುದು ಏಜೆಂಟನ ಲೆಕ್ಕ. ಹುಡುಗಿ ಚಿಕ್ಕವಳಿದ್ದಾಗಲೇ ಅಪ್ಪ ಬಿಟ್ಟು ಹೋದ ಎಂದರೆ ಸಾಕು, ಕಾಗದಪತ್ರ ಆಮೇಲೆ ತಾನು ನೋಡಿಕೊಳ್ಳುತ್ತೇನೆ ಎಂದ.

ತಾಯಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಇವರಾ? ಬಾಚಣಿಗೆ ಕೂಡ ನಾನೇ ಹುಡುಕಿಕೊಡ್ಬೇಕು. ಬಿಟ್ಟು ಹೋಗಿ ಎಲ್ಲಿ ಬದುಕ್ತಾರೆ ಇವರು?"

ಅಪ್ಪನೊಬ್ಬನೇ ನಕ್ಕ. ಮಗಳ ಮುಖ ನೋಡಿ ನಗು ನಿಲ್ಲಿಸಿದ.

"ನೋಡು ಮಗಳೇ, ಲಿಫ್ಟು ಮೇಲೆ ಹೋಗ್ಬೇಕಂದ್ರೆ ಹಿಂದೆ ಕಬ್ಬಿಣದ ಒಂದು ವೇಟು ಕೆಳಗೆ ಇಳೀಬೇಕು. ಒಳಗೆ ನಿಂತೋರಿಗೆ ಅದು ಕಾಣಲ್ಲ. ಕಾಣ್ಲೇಬೇಕು ಅಂತಾನೂ ಇಲ್ಲ. ಒಂದು ಗಂಟೆ ತಾನೆ, ನಾನಿಲ್ಲ ಅಂದ್ಕೋ."

ವಿಡಿಯೊಗೆಂದೇ ಇಸ್ತ್ರಿ ಮಾಡಿಸಿದ್ದ ನೀಲಿ ಅಂಗಿಯಲ್ಲೇ ಅವನು ಮೆಟ್ಟಿಲಿಳಿದು ಹೋದ.

ಇದು ಹಸಿ ಸುಳ್ಳಲ್ಲವೇ ಎಂದು ಹುಡುಗಿ ಕೇಳಿದಾಗ ಏಜೆಂಟ್ ಸಿಡುಕಲಿಲ್ಲ. "ನನಗೂ ಗೊತ್ತಮ್ಮ. ನಿನ್ನ ವಯಸ್ಸಲ್ಲಿ ನಾನೂ ಅರ್ಜೀಲಿ ಇದ್ದದ್ದನ್ನ ಇದ್ದ ಹಾಗೇ ಬರೆದೆ. ಇಲ್ಲೇ ಉಳಿದೆ. ಅವರಿಗೆ ಬಡವರು ಬೇಡ, ಬಡವರ ಕಥೆ ಬೇಕು."

ಉಳ್ಳವರ ಮಕ್ಕಳು ಅಂಕಪಟ್ಟಿ ತೋರಿಸಿದರೆ ಮುಗಿಯಿತು. ಅಂಕಪಟ್ಟಿಯ ಜೊತೆಗೆ ಕಣ್ಣೀರಿನ ಸ್ಯಾಂಪಲ್ಲನ್ನೂ ಹಿಡಿದು ಸಾಲಿನಲ್ಲಿ ನಿಲ್ಲಬೇಕಾದವರು ಇಲ್ಲದವರ ಮಕ್ಕಳೇ.

ಕ್ಯಾಮೆರಾ ಶುರುವಾಯಿತು. ಊರು, ಓದು, ಆಸೆ ಎಲ್ಲವೂ ಇಂಗ್ಲಿಷಿನಲ್ಲಿ ನೀರಿನಂತೆ ಹರಿದವು. ಅಪ್ಪನ ಸಾಲು ಬಂದಾಗ ನಾಲಿಗೆ ಅಂಟಿಕೊಂಡಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ. ಎದ್ದಳು, ಕೂತಳು, ನೀರು ಕುಡಿದಳು, ನೆಟಿಗೆ ಮುರಿದಳು. ಏಜೆಂಟ್ ಕೈಗಡಿಯಾರ ನೋಡಿಕೊಂಡ. ಅವಳು ಕಿಟಕಿಗೆ ಹೋದಳು.

ಎದುರಿನ ಬಸ್ ನಿಲ್ದಾಣದಲ್ಲಿ ಅಪ್ಪ ಕೂತಿದ್ದ. ಬಸ್ಸು ಬಂದು ನಿಂತಿತು. ಹೋಗಿ, ಹೋಗಿ ಎಂದು ಅವನು ಕೈಬೀಸಿದ. ಹಿಂದೆಯೇ ಇನ್ನೊಂದು ಬಂತು. ಹತ್ತದವನು ಇಲ್ಲಿ ಯಾಕೆ ಕೂತೆ ಎಂದು ಕಂಡಕ್ಟರ್ ರೇಗಿರಬೇಕು. ಅಪ್ಪ ತಪ್ಪಾಯಿತೆಂಬಂತೆ ತಲೆಯಾಡಿಸಿ ಎದ್ದು ಕಂಬದ ಮರೆಗೆ ಸರಿದ. ಮನೆಯಲ್ಲೂ ಇರಬಾರದು, ಬೀದಿಯಲ್ಲೂ ಇರಬಾರದು. ಕಂಬ ಸಣ್ಣದು. ನೀಲಿ ತೋಳು ಹೊರಗೇ ಉಳಿಯಿತು.

ಹುಡುಗಿ ಕಿಟಕಿ ತೆರೆದು ಕೂಗಿದಳು. "ಅಪ್ಪಾ, ಮೇಲೆ ಬನ್ನಿ."

"ನೆರವು ಹೋದ್ರೆ ನನ್ನನ್ನ ಕೇಳ್ಬೇಡ" ಎಂದ ಏಜೆಂಟ್.

"ಹೋದ್ರೆ ಅಳ್ತೀನಿ ಸಾರ್. ಆದ್ರೆ ಈ ಮಾತು ಹೇಳಿ ಅಲ್ಲಿಗೆ ಹೋದ್ಮೇಲೆ, ಮನೆಗೆ ಫೋನ್ ಮಾಡ್ದಾಗ ಅಪ್ಪ ಎತ್ತಿದ್ರೆ ಅವರನ್ನ ಏನಂತ ಕರೀಲಿ?"

ಅವಳು ಬಂದು ಕ್ಯಾಮೆರಾದ ಮುಂದಿನ ಬೆಂಚಿನಲ್ಲಿ ಕೂತಳು.

ಅಪ್ಪ ಏದುಸಿರು ಬಿಡುತ್ತಾ ಬಂದು ಮಗಳ ಪಕ್ಕ ಅಂಚಿನಲ್ಲಿ ಕೂತ. ಗ್ರೀಸ್ ಕಚ್ಚಿದ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. ತಾಯಿ ಬಂದು ಅವನ ಕಾಲರ್ ಸರಿಮಾಡಿ, ಕರೆಯದಿದ್ದರೂ ಇನ್ನೊಂದು ಪಕ್ಕ ಕೂತಳು. ಏಜೆಂಟ್ ಕ್ಯಾಮೆರಾದ ಸ್ಟ್ಯಾಂಡನ್ನು ಮೂವರೂ ಹಿಡಿಸುವಷ್ಟು ಹಿಂದಕ್ಕೆ ಎಳೆದ.

"ನಂಗೆ ಇಂಗ್ಲಿಷ್ ಬರಲ್ವಲ್ಲೇ" ಎಂದ ಅಪ್ಪ, ಮೆಲ್ಲಗೆ.

"ನಿಮ್ಮ ಮಾತಲ್ಲೇ ಹೇಳಿ. ನಾನು ಅವರಿಗೆ ತಿಳಿಸ್ತೀನಿ."

"ಏನಂತ ಹೇಳ್ಲಿ?"

"ಆ ವೇಟಿನ ವಿಷಯ."

ಅಪ್ಪ ಕ್ಯಾಮೆರಾ ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ತೊಡೆಯ ಕೆಳಗಿನ ಕೈಗಳನ್ನು ಹೊರಗೆ ತೆಗೆದು ಎದೆಯ ಮಟ್ಟಕ್ಕೆ ಹಿಡಿದ. ಒಂದು ಕೈ ನಿಧಾನವಾಗಿ ಕೆಳಗಿಳಿಯಿತು. ಇನ್ನೊಂದು ಮೇಲೇರಿತು.