ರಜೆಯ ದಿನ ನಿಲ್ಲುತ್ತಿದ್ದ ಸೀನು

ಕೂಕಟ್‌ಪಲ್ಲಿಯ ಆ ಗಲ್ಲಿಯಲ್ಲಿ ಚಳಿ ಕಾಲಿಟ್ಟರೆ ಸಾಕು, ಮನೆಮನೆಯಲ್ಲೂ ಸೀನು. ಬೇಸಿಗೆಗೆ ಎಲ್ಲರ ಮೂಗೂ ಸುಮ್ಮನಾಗುತ್ತಿತ್ತು. ಶೋಭಾಳ ಗಂಡ ಹನುಮಂತರಾಯನ ಮೂಗಿಗೆ ಮಾತ್ರ ಯಾವ ಕಾಲದ ಹಂಗೂ ಇರಲಿಲ್ಲ.

ಅಲರ್ಜಿಯ ಮಾತ್ರೆ ನುಂಗಿ ತೂಕಡಿಸುವುದು ಬೇಡವೆಂದು ಶೋಭಾಳೇ ಅವನನ್ನು ಮೈಗೆ ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ಗೆ ಕರೆದೊಯ್ದಳು. ಚಿಕಿತ್ಸೆ ಕೊಡುವ ಅನುರಾಧಾ ರಾಯಚೂರಿನ ಕಡೆಯವರು. ಹೊಸ ಸೂಜಿಯ ಪೊಟ್ಟಣವನ್ನು ರೋಗಿಯ ಕಣ್ಣೆದುರೇ ಒಡೆಯುವವರು. ಗಂಡನ ಕೆಲಸವೇನು ಎಂದು ಅವರು ಕೇಳಿದಾಗ ಶೋಭಾ, ಕಂಪನಿಯ ಆಫೀಸಿನಲ್ಲಿ ಎಂದಳು. ತವರಿನಲ್ಲಿ ಅಪ್ಪ, ಅಜ್ಜ ಎಲ್ಲ ಸರಕಾರಿ ನೌಕರರು. ಅಳಿಯ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಪುಡಿ ಜರಡಿ ಹಿಡಿಯುತ್ತಾನೆ ಎನ್ನಲು ಅವಳಿಗೆ ನಾಲಿಗೆ ಏಳದು. ಮದುವೆಯಾದಾಗಿನಿಂದ ಊರಿಗೆಲ್ಲ ಆಫೀಸಿನ ಕಥೆಯನ್ನೇ ಹೇಳುತ್ತ ಬಂದವಳು. ಪಕ್ಕದಲ್ಲೇ ಕೂತಿದ್ದ ಹನುಮಂತರಾಯ ಸೂಜಿಗೆಂದು ಅಂಗಿಯ ತೋಳು ಮಡಚಿದ.

ವಾರದ ರಜೆಯಂದು ಅವನು ಸೂಜಿ ಹಾಕಿಸಿಕೊಳ್ಳುತ್ತಿದ್ದ. ಅಂದು ಸಂಜೆಗೆಲ್ಲ ಮೂಗು ಹಗುರ. ಶೋಭಾ ಅಕ್ಕಪಕ್ಕದವರ ಮುಂದೆ ಸೂಜಿಯ ಗುಣಗಾನ ಮಾಡಿದ್ದೇ ಮಾಡಿದ್ದು. ಮರುದಿನ ಡ್ಯೂಟಿಗೆ ಹೋಗಿ ಬಂದರೆ ಮತ್ತೆ ಅದೇ ಪಾಡು. ಬರಬರುತ್ತ ಎದೆಯಲ್ಲಿ ಸುಂಯ್ ಎನ್ನುವ ಸದ್ದೂ ಸೇರಿತು. ಎದೆಯ ಡಾಕ್ಟರರಿಗೆ ತೋರಿಸಿ ಎಂದು ಅನುರಾಧಾ ಒತ್ತಾಯಿಸಿದರು. ಸೂಜಿಯೇ ಗುಣ ಕೊಡುತ್ತಿರುವಾಗ ಡಾಕ್ಟರು ಯಾಕೆ ಎಂದು ಶೋಭಾಳ ಹಟ.

ಒಂದು ವಾರ ಅನುರಾಧಾ ನೆಂಟರ ಮದುವೆಗೆ ಹೋದರು. ಸೂಜಿ ಇರಲಿಲ್ಲ. ಆದರೂ ರಜೆಯ ದಿನ ಹನುಮಂತರಾಯನ ಮೂಗು ಎಂದಿನಂತೆ ಹಗುರಾಯಿತು. ಅವರು ಮರಳಿದಾಗ ಶೋಭಾ ಇದನ್ನೊಂದು ಸೋಜಿಗ ಎಂಬಂತೆ ಹೇಳಿದಳು. ಅನುರಾಧಾ ಸೂಜಿ ಕೆಳಗಿಟ್ಟರು.

“ಶೋಭಕ್ಕಾರ, ಸೂಜಿ ಇಲ್ಲದಿದ್ರೂ ರಜಾ ದಿನ ಆರಾಮ ಅನಸ್ತೈತಿ ಅಂದ್ರ, ಇದು ಬರೇ ಹವಾದ ಅಲರ್ಜಿ ಅಲ್ಲರಿ. ಡ್ಯೂಟಿ ಜಾಗಾದಾಗ ಏನೋ ಐತಿ. ಖರೇ ಹೇಳ್ರಿ, ಇವರು ಏನ್ ಕೆಲಸ ಮಾಡ್ತಾರ?”

ಹನುಮಂತರಾಯನೇ ಬಾಯಿಬಿಟ್ಟ.

“ಔಷಧದ ಪುಡಿ ಜರಡಿ ಹಿಡೀತೀನ್ರಿ. ಹೇಳಿದ್ರ ಈಕಿಗೆ ನಾಚಿಕಿ.”

ಎದೆಯ ಡಾಕ್ಟರು ಪರೀಕ್ಷೆ ಮಾಡಿ, ಕೆಲಸದ ಪುಡಿಯಿಂದ ಬಂದ ಅಸ್ತಮಾ ಎಂದರು. ಮೊದಲೇ ಬಂದಿದ್ದರೆ ಪೂರ್ತಿ ಗುಣವಾಗುವ ಆಸೆ ಹೆಚ್ಚಿರುತ್ತಿತ್ತು. ಈಗ ಕೆಲಸದ ಜಾಗ ಬದಲಿಸಿದರೂ ಇನ್ಹೇಲರ್ ಬಿಡುವುದು ಕಷ್ಟವೆಂದರು. ಹನುಮಂತರಾಯ ಅದೇ ಕಾರ್ಖಾನೆಯಲ್ಲಿ, ಪುಡಿಯಿಂದ ದೂರವಿರುವ ಗೇಟಿನ ಕೆಲಸಕ್ಕೆ ಬದಲಾದ.

“ನಿಮ್ಮಪ್ಪಗ ಹೇಳು,” ಎಂದ ಹೆಂಡತಿಗೆ, “ಅಳಿಯ ಗೇಟ್ ಕಾಯಾಕತ್ತಾನ ಅಂತ.”

ಅವಳು ಅಂದೇ ಫೋನ್ ಮಾಡಿ ಹೇಳಿದಳು. ಈಗ ಸೀನು ನಿಂತಿದೆ. ಆದರೆ ಮನೆಯ ಮೆಟ್ಟಿಲು ಹತ್ತುವಾಗ ಅವನು ನಡುವೆ ಕೂತು ಉಸಿರು ಸುಧಾರಿಸಿಕೊಳ್ಳಬೇಕು. ಹಿಂದೆ ಚೀಲ ಹಿಡಿದು ನಿಂತ ಶೋಭಾ, ಇದು ತನ್ನ ಕೈಯಾರೆ ಆದದ್ದೆಂದು ಒಳಗೊಳಗೇ ಬೇಯುತ್ತಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಋತುಮಾನದ ಅಲರ್ಜಿಗೆ ಅಕ್ಯುಪಂಕ್ಚರ್ ಕೆಲವರಿಗೆ ಒಂದಿಷ್ಟು ಆರಾಮ ಕೊಡಬಹುದು. ತರಬೇತಿ ಪಡೆದವರ ಬಳಿಯೇ ಹೋಗಿ, ಸೂಜಿ ಹೊಸದೇ ಎಂದು ನೋಡಿಕೊಳ್ಳಿ, ಡಾಕ್ಟರು ಕೊಟ್ಟ ಔಷಧವನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸೀನು, ಕೆಮ್ಮು, ಎದೆಯ ಸದ್ದು ಡ್ಯೂಟಿಯಲ್ಲಿ ಏರಿ ರಜೆಯಲ್ಲಿ ಇಳಿಯುತ್ತಿದ್ದರೆ ಕೂಡಲೇ ಡಾಕ್ಟರರಿಗೆ ತೋರಿಸಿ. ನೀವು ಮಾಡುವ ಕೆಲಸವನ್ನು ಇದ್ದದ್ದು ಇದ್ದ ಹಾಗೆ ಹೇಳಿ. ನಿಮ್ಮ ಮನೆತನದ ಮಾನಕ್ಕೆ ಮನೆಯವರ ಉಸಿರನ್ನು ಒತ್ತೆ ಇಡಬೇಡಿ.