ಉಸಿರು ಕಾದ ಸೀಸೆ

ನಾನು ಒಂದು ಗಾಜಿನ ಸೀಸೆ. ಕುಲುಮೆಯ ಕೆಂಪಿನೆದುರು ಯಾರೋ ಊದಿದ ಉಸಿರಿನಿಂದ ಹುಟ್ಟಿದವನು. ಅದಕ್ಕೇ ಇರಬೇಕು, ಬಾಳೆಲ್ಲ ಬೇರೆಯವರ ಉಸಿರನ್ನೇ ಕಾದೆ.

ಧಾರವಾಡದ ಒಂದು ಆಸ್ಪತ್ರೆಯಲ್ಲಿ ನನ್ನ ಜಾಗ ಮಂಚದ ಕೆಳಗೆ. ರೋಗಿಯ ಎದೆಗೂಡಿನಿಂದ ಇಳಿದ ನಳಿಗೆ ನನ್ನೊಳಗಿನ ನೀರಿನಲ್ಲಿ ಮುಳುಗಿರುತ್ತಿತ್ತು. ಎದೆಯಲ್ಲಿ ತುಂಬಿಕೊಂಡ ರಕ್ತ ನನ್ನೊಳಗೆ ಇಳಿಯುತ್ತಿತ್ತು. ಪ್ರತಿ ಉಸಿರಿಗೂ ನಳಿಗೆಯ ನೀರು ಏರಿಳಿಯುತ್ತಿತ್ತು. ನಾನು ಕಂಡದ್ದು ಮುಖಗಳನ್ನಲ್ಲ, ಪಾದಗಳನ್ನು, ಇಳಿಬಿದ್ದ ಕೈಗಳನ್ನು.

ಇಂದುಮತಿ ಎಂಬ ಯುವತಿ ಎರಡನೆಯ ಸಲ ಬಂದಾಗಲೂ ಅವಳ ಮಂಚದ ಕೆಳಗೆ ನನ್ನನ್ನೇ ಇಟ್ಟರು. ಪೆಟ್ಟು ಬಿದ್ದಿರಲಿಲ್ಲ, ಆದರೂ ಎದೆಯೊಳಗೆ ರಕ್ತ. ಕ್ಷಯವಿರಬಹುದೆಂದು ಶಂಕಿಸಿದರು, ಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಹೆಸರಿಲ್ಲದ ರೋಗದವಳನ್ನು ತವರಿಗೆ ಕಳಿಸಿಬಿಡುವ ಮಾತು ಗಂಡನ ಮನೆಯಲ್ಲಿ ಎದ್ದಿತ್ತು.

ಅವಳು ನೀರು ಕೇಳಿದಳು. ಅತ್ತೆ ಅಂಬಕ್ಕ ಲೋಟವನ್ನು ನನ್ನ ಪಕ್ಕ ನೆಲದ ಮೇಲಿಟ್ಟು ಹಿಂದೆ ಸರಿದರು. ಇಳಿಬಿದ್ದ ಕೈಗೆ ಅದು ಎಟುಕಲಿಲ್ಲ.

“ಅಂಬಕ್ಕಾ, ಎದಿಗೆ ನಳಿಗಿ ಹಾಕೇದ. ಅಕಿ ಬಗ್ಗೂದು ಹ್ಯಾಂಗ?” ಎಂದರು ಡಾಕ್ಟರ್ ವತ್ಸಲಾ.

“ಮುಟ್ಟಲಿಕ್ಕೆ ಬರೂದಿಲ್ಲರೀ, ಹೊರಗಾಗ್ಯಾಳ. ಹ್ವಾದ ಸಲಾನೂ ಹಿಂಗ ಆತು. ಈಕಿ ಎದಿ ಪಂಚಾಂಗ ನೋಡೇ ಕೆಡ್ತದ ನೋಡ್ರಿ!”

ವೈದ್ಯೆಯ ಚಪ್ಪಲಿಗಳು ಅಲ್ಲೇ ನಿಂತವು. “ಇಂದೂ, ಎರಡೂ ಸಲ ಮುಟ್ಟಿನ ದಿನಾನೇನು? ಮೊದಲ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ರೀ. ಗಂಡಸ ಡಾಕ್ಟರ ಮುಂದ ಹ್ಯಾಂಗ ಹೇಳಲಿ?”

ಗರ್ಭಕೋಶದ ಒಳಪದರದಂಥದೇ ಅಂಗಾಂಶ, ತೀರ ಅಪರೂಪಕ್ಕೆ, ಎದೆಗೂಡಿನಲ್ಲಿ ನೆಲೆಸುತ್ತದೆ. ತಿಂಗಳ ಋತುವಿಗೆ ಅಲ್ಲಿಯೂ ರಕ್ತ ಒಸರುತ್ತದೆ. ಶಸ್ತ್ರಕ್ರಿಯೆಯಲ್ಲಿ ಅದೇ ಕಂಡಿತು. ಕೆಲವು ದಿನಗಳಲ್ಲಿ ನನ್ನೊಳಗಿನ ನೀರು ತಿಳಿಯಾಯಿತು. ಔಷಧಿ ಮುಂದುವರಿಯಿತು, ತವರಿನ ಮಾತು ನಿಂತಿತು.

ಕಾಲ ಸರಿದು ನನ್ನ ಜಾಗಕ್ಕೆ ಪ್ಲಾಸ್ಟಿಕ್ ಚೀಲಗಳು ಬಂದವು. ಗುಜರಿಗೆ ಹೊರಟಿದ್ದ ನನ್ನನ್ನು ತಪಾಸಣೆಗೆ ಬಂದ ಇಂದುಮತಿ ಕೇಳಿ ಪಡೆದಳು. ಈಗ ಅವಳ ಕಿಟಕಿಯಲ್ಲಿದ್ದೇನೆ, ಒಂದು ಹಸಿರು ಬಳ್ಳಿಯ ಬೇರುಗಳನ್ನು ಒಳಗಿಟ್ಟುಕೊಂಡು. ಇಲ್ಲಿಂದ ಮುಖಗಳೂ ಕಾಣುತ್ತವೆ.

ಮೊನ್ನೆ ಅವಳ ಮಗಳು ಮೊದಲ ಸಲ ಹೊರಗಾಗಿ ಬಾಗಿಲ ಬಳಿ ಮುದುಡಿ ಕೂತಿದ್ದಳು. ಮುಪ್ಪಾದ ಅಂಬಕ್ಕ ನೀರು ತಂದರು. ಹುಡುಗಿ ದೂರ ಸರಿದು ನೆಲ ತೋರಿಸಿದಳು.

“ಕೈಯಾಗ ಹಿಡಿ, ಹುಚ್ಚಿ. ನೆಲಕ್ಕಿಟ್ಟ ಲೋಟಾ ಒಮ್ಮೆ ನೋಡೀನಿ, ಸಾಕು.”

ಎರಡು ಕೈಗಳು ಒಂದೇ ಲೋಟವನ್ನು ಹಿಡಿದವು. ನನ್ನಲ್ಲಿ ಈಗ ನಳಿಗೆಯಿಲ್ಲ. ಆದರೂ ಒಳಗಿನ ನೀರು ಒಮ್ಮೆ ಏರಿ, ಇಳಿದಂತಾಯಿತು.