ಬಾಗಿಲು ಮುಚ್ಚಿದ ಕೌದಿ

ನಾನು ಒಂದು ಕೌದಿ. ಕೌದಿಯಾಗುವ ಮೊದಲು ಏಳು ಜನರ ಮೈಮೇಲಿನ ಬಟ್ಟೆಯಾಗಿದ್ದೆ. ನನ್ನನ್ನು ಹುಟ್ಟಿಸಿದವಳು ಹುಲಗವ್ವ, ಬಾದಾಮಿ ಕಡೆಯ ಒಂದು ಕೆಂಪು ಗುಡ್ಡದ ಬುಡದಲ್ಲಿ ಕೌದಿ ಹೊಲಿದೇ ಬದುಕಿದ ವಿಧವೆ. ಅವಳು ಮೊದಲು ಮಾಡಿದ ಕೆಲಸ ಹರಿಯುವುದು. ತನ್ನ ಮದುವೆಯ ಇಳಕಲ್ ಸೀರೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ಪರ್ರನೆ ಸೀಳಿದಳು. ಸತ್ತ ಗಂಡನ ಧೋತರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಆಮೇಲೆ ಮೂರು ತಿಂಗಳು ದಿನವೂ ಸೂಜಿಯಿಂದ ಚುಚ್ಚಿದಳು. ಹುಟ್ಟುವಾಗಲೇ ಇಷ್ಟು ಗಾಯ ತಿಂದ ಜೀವಕ್ಕೆ ಸಿಟ್ಟು ಇರದೆ ಇನ್ನೇನಿದ್ದೀತು? ನನ್ನ ಕಥೆಯಲ್ಲಿ ಜೋಗುಳ ಹುಡುಕಬೇಡಿ.

ಉಳಿದ ಕೌದಿಗಳ ಮೇಲೆ ಚೌಕಗಳಿರುತ್ತವೆ. ನನ್ನ ಮೇಲೆ ಒಂದು ಊರೇ ಇದೆ. ಜನಗಣತಿಗೆ ಬಂದಿದ್ದ ಮಾಸ್ತರರೊಬ್ಬರು ಹುಲಗವ್ವನ ಮನೆಯ ಫೋಟೋ ತೆಗೆದು ಕಳಿಸಿದ್ದರು. ಬರೀ ಕಪ್ಪು ಬಿಳುಪು. ಅದನ್ನು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿ, ನೋಡಿ ನೋಡಿ ಹೊಲಿದಳು. ಬೂದಿ ಬಣ್ಣದ ಗುಡ್ಡಕ್ಕೆ ಮದುವೆ ಸೀರೆಯ ಕೆಂಪು ಹಚ್ಚಿದಳು. ಬೇವಿನ ಮರಕ್ಕೆ ಹಸಿರು ಖಣ, ಹಳ್ಳಕ್ಕೆ ನೀಲಿ ಅಂಗಿ, ಮನೆಗೆ ಬಿಳಿ ಧೋತರ. ಕಲ್ಲು, ಕಾಲುದಾರಿ, ಒಂದನ್ನೂ ತಪ್ಪಿಸಲಿಲ್ಲ. ಬಾಗಿಲೊಂದನ್ನು ಬಿಟ್ಟು. ಫೋಟೋದಲ್ಲಿ ಬಾಗಿಲು ತೆರೆದಿತ್ತು. ನನ್ನ ಮೇಲೆ ಅವಳು ಕಂದು ಬಟ್ಟೆಯ ತುಂಡು ಹಚ್ಚಿ ಅದನ್ನು ಮುಚ್ಚಿದಳು.

ಕೊನೆಯ ಮೂಲೆ ಮುಚ್ಚುವ ಮೊದಲು ಜೋಳದ ರೊಟ್ಟಿಯ ಚೂರೊಂದನ್ನು ನನ್ನೊಳಗೆ ಇಟ್ಟಳು. ಕೌದಿ ಹಸಿದ ಹೊಟ್ಟೆಯಲ್ಲಿ ಮನೆ ಬಿಡಬಾರದು ಎಂಬುದು ಆ ಮನೆಯ ಪದ್ಧತಿ.

ನಾನು ಹೋಗಬೇಕಾದದ್ದು ಅವಳ ಮಗಳು ಫಕೀರವ್ವನ ಜೊತೆಗೆ. ಗಂಡ ಲಗಮಪ್ಪನ ಹೊಡೆತ ತಾಳದೆ ಫಕೀರವ್ವ ಮೂರನೆಯ ಸಲ ತವರಿಗೆ ಓಡಿಬಂದಿದ್ದಳು. ಎಡಗಣ್ಣು ಬಾತು ಮುಚ್ಚಿತ್ತು. ಒಂದೇ ಕಣ್ಣಲ್ಲಿ ನನ್ನನ್ನು ನೋಡಿ ಕೇಳಿದಳು:

“ಎವ್ವಾ, ನಮ್ಮನಿ ಬಾಗಲಾ ಯಾಕ ಮುಚ್ಚೀದಿ? ಫೋಟೋದಾಗ ತೆರದೈತಲ್ಲ?”

“ತವರು ನೆನಪಾದ್ರ ಇದನ್ನ ಹೊಚ್ಚಿಕೊಂಡು ಮಕ್ಕೋ. ಮತ್ತ ಮತ್ತ ಓಡಿ ಬರಬ್ಯಾಡ. ಕೊಟ್ಟ ಹೆಣ್ಣು ಕುಲಕ್ಕ ಹೊರಗ.”

ಆಗ ನನಗೆ ಅರ್ಥವಾಯಿತು. ಅವಳು ಹೊಲಿದದ್ದು ಕೌದಿಯನ್ನಲ್ಲ, ಚಿಲಕವನ್ನು. ಆ ತಾಯಿಯ ಮೇಲೆ ನನಗೆ ಬಂದ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಲಗಮಪ್ಪನ ಹತ್ತಿರ ಎತ್ತು ಹೊಡೆಯುವ ಬಾರುಕೋಲಿತ್ತು. ಎತ್ತುಗಳಿಗಿಂತ ಹೆಂಡತಿಗೇ ಅದರ ಪರಿಚಯ ಹೆಚ್ಚು. ಫಕೀರವ್ವ ನನ್ನನ್ನು ಸುತ್ತಿಕೊಂಡು ಮೂಲೆ ಹಿಡಿಯುತ್ತಿದ್ದಳು, ಏಟು ನನ್ನ ಮೇಲೆ ಬೀಳುತ್ತಿತ್ತು. ಮೊದಲ ವಾರವೇ ಗುಡ್ಡ ಸೀಳಿತು. ಬೀಡಿಯಿಂದ ಹಳ್ಳವನ್ನು ಸುಟ್ಟ. ಒಂದು ಮಧ್ಯಾಹ್ನ ಅವಳು ನನ್ನ ಮೇಲಿನ ಕಾಲುದಾರಿಯಲ್ಲಿ ಬೆರಳಾಡಿಸುತ್ತ ಕುಳಿತಿದ್ದಳು. ಅದನ್ನು ಕಂಡು ಕುಡುಗೋಲು ತಂದು ಬೇವಿನ ಮರವನ್ನು ಎರಡು ಸೀಳು ಮಾಡಿದ. ಅವಳ ಅಂಗೈಯೂ ಸೀಳಿತು.

ಇದೆಲ್ಲ ಸಹಿಸಿದೆ. ಸಹಿಸಲಾಗದ್ದು ಇನ್ನೊಂದು. ಅವಳು ಕೂಗಿದರೆ ಅವನು ನನ್ನನ್ನೇ ಮುದ್ದೆ ಮಾಡಿ ಅವಳ ಬಾಯಿಗೆ ತುರುಕುತ್ತಿದ್ದ. ಗೋಡೆಯಾಚೆಯ ಜೈನಾಬಿ “ಏನಾತಬೇ?” ಎಂದು ಕೇಳಿದರೆ ಉತ್ತರ ಹೋಗುತ್ತಿರಲಿಲ್ಲ. ಅವಳ ಉಸಿರು ಕಟ್ಟುವುದು ನನ್ನ ಎಳೆಎಳೆಗೂ ಗೊತ್ತಾಗುತ್ತಿತ್ತು. ಹರಿದರೆ ನನಗೆ ತೇಪೆ ಹಾಕಬಹುದು. ಅವಳು ಸತ್ತರೆ? ಒಂದು ದಿನ ಇವಳು ನನ್ನಡಿಯಲ್ಲೇ ಸಾಯುತ್ತಾಳೆ, ಕೊಂದದ್ದು ನಾನೇ ಆಗುತ್ತೇನೆ ಎಂದು ಹೆದರಿ ಎರಡು ವರ್ಷ ಕಳೆದೆ.

ಮಹಾನವಮಿ ಬಂತು. ಹಬ್ಬಕ್ಕೆ ಮೊದಲು ಊರಿನ ಕೌದಿಗಳೆಲ್ಲ ಹಳ್ಳಕ್ಕೆ ಹೋಗುತ್ತವೆ. ನೀರಲ್ಲಿ ನೆನೆಸಿ, ಬಂಡೆಯ ಮೇಲೆ ಹಾಸಿ, ಎದುರುಬದುರು ನಿಂತು ಕೋಲಿನಿಂದ ಬಡಿಯುತ್ತಾರೆ. ನೆನೆದ ಕೌದಿ ಎಮ್ಮೆಯ ಕರುವಿನಷ್ಟು ಭಾರ. ಫಕೀರವ್ವ ನನ್ನನ್ನು ಬಡಿಯುತ್ತಿದ್ದಾಗ ಲಗಮಪ್ಪ ಬಂದ. ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಕ್ಕಿರಲಿಲ್ಲವಂತೆ. ಬಂದವನೇ ಜಡೆ ಹಿಡಿದು ಎಳೆದು ಅವಳ ಮುಖವನ್ನು ನೀರಲ್ಲಿ ಅದುಮಿದ. ಎತ್ತಲೇ ಇಲ್ಲ. ಹೆಂಗಸರು ಗಂಡ ಹೆಂಡಿರ ಜಗಳವೆಂದು ಕೋಲು ಹಿಡಿದು ಸುಮ್ಮನೆ ನಿಂತರು. ಅವಳ ಕಾಲು ಒದ್ದಾಡುವುದು ನಿಧಾನವಾಯಿತು.

“ಸಾಯಾಕತ್ತಾಳ್ರೇ! ಹಿಡೀರಿ ಆ ತುದಿ!” ಎಂದು ಚೀರಿದವಳು ಜೈನಾಬಿ.

ನಾಲ್ಕು ಜನ ನನ್ನನ್ನು ಎತ್ತಿ ಅವನ ತಲೆಯ ಮೇಲೆ ಬೀಸಿ ಒಗೆದು ಹಿಂದಕ್ಕೆ ಜಗ್ಗಿದರು. ನನ್ನ ಭಾರಕ್ಕೆ ಅವನು ಬಂಡೆಯ ಮೇಲೆ ಅಂಗಾತ ಬಿದ್ದ. ಫಕೀರವ್ವ ಕೆಮ್ಮುತ್ತ, ನೀರು ಕಕ್ಕುತ್ತ ಎದ್ದು ಕೋಲು ತೆಗೆದುಕೊಂಡಳು. ಮೊದಲ ಏಟು ಅವಳದು. ಆಮೇಲೆ ಎಲ್ಲರದು. ಬೆಳಗಿನಿಂದ ಬಡಿದು ಪಳಗಿದ ಕೈಗಳು! ನನ್ನಡಿಯಲ್ಲಿ ಮುಂಗೈ ಎಲುಬು ಲಟಕ್ಕೆಂದಿತು. ಅವನು ಕೂಗಿದ. ನಾನು ಒದ್ದೆ ಮೈಯನ್ನು ಅವನ ಬಾಯಿಗೆ ಇನ್ನಷ್ಟು ಬಿಗಿದೆ. ಆ ಕೆಲಸ ನನಗೆ ಕಲಿಸಿದವನು ಅವನೇ.

ಫಕೀರವ್ವ ತಲೆಯ ಭಾಗಕ್ಕೆ ಕೋಲೆತ್ತಿದಾಗ ಜೈನಾಬಿ ಕೈ ಹಿಡಿದಳು. “ಸಾಕಬೇ. ಅವನ ಸಲುವಾಗಿ ನೀ ಯಾಕ ಜೇಲಿಗೆ ಹೋಗ್ತಿ?” ಜೈನಾಬಿ ಹೇಳಿದ್ದು ಸರಿ. ಆದರೂ ಸತ್ಯ ಹೇಳುತ್ತೇನೆ, ನನಗೆ ಬೇಸರವಾಯಿತು.

ಹಿಂಡಿದರೂ ನೀರು ಸೋರುವ ನನ್ನನ್ನು ಹೊತ್ತು ಫಕೀರವ್ವ ಗುಡ್ಡದ ದಾರಿ ಹಿಡಿದಳು. ತವರು ಮುಟ್ಟುವಾಗ ಸಂಜೆ. ಬಾಗಿಲು ಮುಚ್ಚಿತ್ತು, ನನ್ನ ಮೇಲೆ ಇದ್ದ ಹಾಗೆಯೇ.

“ಗಂಡಗ ಹೇಳಿ ಬಂದೀಯೇನ?” ಒಳಗಿನಿಂದ ಹುಲಗವ್ವ ಕೇಳಿದಳು.

“ಹೇಳೇ ಬಂದೀನಿ. ಕೋಲಿಲೆ ಹೇಳೀನಿ. ನೀ ತೆರೀದಿದ್ರ ಇಲ್ಲೇ ಹಳ್ಳಕ್ಕ ಬೀಳ್ತೀನವ್ವ, ತಿರುಗಿ ಅಲ್ಲಿಗೆ ಹೋಗೂದಿಲ್ಲ.”

ಆಮೇಲೆ ಚಿಲಕ ಸರಿಯಿತು. ಹುಲಗವ್ವ ಮಗಳ ಸೀಳಿದ ಅಂಗೈ ನೋಡಿದಳು, ನನ್ನ ಸೀಳಿದ ಗುಡ್ಡ ನೋಡಿದಳು, ಹೊಸ್ತಿಲ ಮೇಲೆ ಕುಸಿದು ಹಣೆ ಚಚ್ಚಿಕೊಂಡಳು. ನನ್ನ ಸಿಟ್ಟು ಇಳಿದದ್ದು ಆಗ.

ಬೆಳಿಗ್ಗೆ ಅವಳು ಬ್ಲೇಡು ತಂದು ನನ್ನ ಕಂದು ಬಾಗಿಲನ್ನು ಕಿತ್ತೆಸೆದಳು. ಆ ಜಾಗಕ್ಕೆ ಕರಿ ಚಂದ್ರಕಾಳಿ ಸೀರೆಯ ತುಂಡು ಹಚ್ಚಿದಳು. ಫೋಟೋದಲ್ಲಿದ್ದ ಹಾಗೆ ಒಳಗಿನ ಕತ್ತಲು ಕಾಣುವ ತೆರೆದ ಬಾಗಿಲು. ಅದು ನನ್ನ ಕೊನೆಯ ಗಾಯ, ಅದೊಂದು ನೋಯಲಿಲ್ಲ. ತಿಂಗಳಾದ ಮೇಲೆ ಲಗಮಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಹಿರಿಯರೊಂದಿಗೆ ಬಂದಾಗ ಹುಲಗವ್ವ ದೊಡ್ಡ ಕತ್ತರಿ ಹಿಡಿದು ಹೊಸ್ತಿಲಲ್ಲಿ ಕುಳಿತಿದ್ದಳು.

“ಬಾರೋ ಅಳಿಯಾ, ಬಾಗಲಾ ತೆರದೈತಿ. ಒಳಗ ಬಾ.”

ಅವನು ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹುಲಗವ್ವ ಇಲ್ಲ. ಫಕೀರವ್ವನೇ ಕೌದಿ ಹೊಲಿಯುತ್ತಾಳೆ, ನಾನು ಅವಳು ಮಲಗುವ ಹೊರಸಿನ ಮೇಲೆ ಮಡಚಿಕೊಂಡು ಬಿದ್ದಿರುತ್ತೇನೆ. ಮಹಾನವಮಿಗೆ ಎಲ್ಲ ಕೌದಿಗಳನ್ನೂ ಬಡಿಯುತ್ತಾಳೆ, ನನ್ನನ್ನು ಮಾತ್ರ ಬಿಸಿಲಿಗೆ ಹಾಕಿ “ಇದು ತಿಂದಿದ್ದು ಸಾಕು” ಎನ್ನುತ್ತಾಳೆ. ಒಳ್ಳೆಯ ಹೆಂಗಸು. ಆದರೆ ನನ್ನನ್ನು ಕೇಳಿದರೆ, ಇನ್ನೂ ನೂರು ಏಟು ತಿನ್ನಲು ನಾನು ಸಿದ್ಧ. ಕೆಳಗೆ ಯಾರು ಮಲಗಿದ್ದಾರೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಬೇಕು.